ಹಳೆ ರಿಮ್‌ಫೈರ್ ರೈಫಲನ್ನು ಸೆಂಟರ್‌ಫೈರ್ ಮಾಡಿಸಬಹುದಾ? (ಸ್ವಿಸ್ ವೆಟರ್ಲಿ, 1878ರ ಮಾದರಿ)

ಪೆನ್ಸಿಲ್ವೇನಿಯಾ ಕನ್ನಡಿಗ:

ಎಲ್ಲರಿಗೂ ನಮಸ್ಕಾರ. ಇಲ್ಲಿ ಹಳೆ ಬಂದೂಕುಗಳ ಬಗ್ಗೆ ಗೊತ್ತಿರುವವರು ಒಂದಿಬ್ಬರು ಇದ್ದೀರಿ ಅಂತ ಹಿಂದಿನ ಚರ್ಚೆಗಳಿಂದ ತಿಳಿಯಿತು, ಅದಕ್ಕೇ ಕೇಳುತ್ತಿದ್ದೇನೆ.

ನಮ್ಮೂರಿನ ಹತ್ತಿರ ಹಳೆ ಸಾಮಾನಿನ ಹರಾಜಿನಲ್ಲಿ ಒಂದು ಸ್ವಿಸ್ ವೆಟರ್ಲಿ ರೈಫಲ್ ಕೊಂಡೆ. 1878ರ ಮಾದರಿ. ಮರ ಗಟ್ಟಿಯಾಗಿದೆ. ನಳಿಗೆಯ ಒಳಗಿನ ಸುರುಳಿ ಗೀರುಗಳು ಇನ್ನೂ ಚೂಪಾಗಿವೆ, ತುಕ್ಕು ಇಲ್ಲ. ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟ್ ಸಲೀಸಾಗಿ ಹಿಂದೆ ಮುಂದೆ ಓಡುತ್ತದೆ. ಸುಮಾರು ನೂರೈವತ್ತು ವರ್ಷದ ಹಳೆ ವಸ್ತು ಇಷ್ಟು ಚೆನ್ನಾಗಿ ಉಳಿದಿರುವುದು ನೋಡಿದರೇ ಖುಷಿ.

ತೊಂದರೆ ಏನೆಂದರೆ ಇದಕ್ಕೆ ಬೇಕಾದ ತೋಟಾ ಸಿಗುವುದಿಲ್ಲ. ಇದು 10.4 ಮಿಲಿಮೀಟರ್ ರಿಮ್‌ಫೈರ್ (ಬುಡದ ಅಂಚಿಗೆ ಹೊಡೆದರೆ ಹಾರುವ ತೋಟಾ), ಅಮೆರಿಕದವರು 41 ಸ್ವಿಸ್ ಅನ್ನುತ್ತಾರೆ. ಸಂಗ್ರಾಹಕರ ಹತ್ತಿರ ಹಳೆ ಡಬ್ಬಿಗಳಿವೆ, ಆದರೆ ಒಂದೊಂದು ತೋಟಾಗೂ ಬೆಲೆ ಕೇಳಿದರೆ ಹಾರಿಸಲು ಮನಸ್ಸು ಬರುವುದಿಲ್ಲ. ನನಗೆ ಬೇಟೆಯ ಆಸೆ ಏನಿಲ್ಲ. ರೇಂಜಿನಲ್ಲಿ ವರ್ಷಕ್ಕೆ ಒಂದೆರಡು ಸಲ ಹಾರಿಸಿ ನೋಡಬೇಕು, ಅಷ್ಟೇ.

ಇಲ್ಲಿಯ ಒಬ್ಬ ಗನ್‌ಸ್ಮಿತ್ (ಬಂದೂಕು ರಿಪೇರಿ ಮಾಡುವವರು) ಹತ್ತಿರ ತೋರಿಸಿದೆ. ಅವರು ಹೇಳಿದ್ದು: ಬೋಲ್ಟಿನಲ್ಲಿ ಹಳೆ ಫೈರಿಂಗ್ ಪಿನ್ನಿನ (ತೋಟಾಗೆ ಹೊಡೆಯುವ ಮೊನೆಯ) ತೂತುಗಳನ್ನು ವೆಲ್ಡ್ ಮಾಡಿ ಮುಚ್ಚಿಬಿಡೋಣ, ನಡುವೆ ಹೊಸ ತೂತು ಕೊರೆದು ಸೆಂಟರ್‌ಫೈರ್ (ಬುಡದ ನಡುವಿಗೆ ಹೊಡೆಯುವ ಬಗೆ) ಮಾಡೋಣ, ಬೇಕಾದರೆ ಚೇಂಬರನ್ನೂ (ತೋಟಾ ಕೂರುವ ಗೂಡನ್ನೂ) ಸ್ವಲ್ಪ ದೊಡ್ಡದು ಮಾಡಿದರೆ ಅಂಗಡಿಯಲ್ಲಿ ಸಿಗುವ ತೋಟಾ ಕೂಡ ಹಿಡಿಯುತ್ತದೆ. ಕೇಳಲು ಸುಲಭ ಅನ್ನಿಸಿತು, ಆದರೆ ಮನಸ್ಸು ಒಪ್ಪುತ್ತಿಲ್ಲ.

ಇದು ಸುರಕ್ಷಿತವಾ? ಹೀಗೆ ಬದಲಾಯಿಸಿದರೆ ಕಾನೂನಿನ ಕಣ್ಣಿನಲ್ಲಿ ಇದು ಆಂಟಿಕ್ ಆಗಿಯೇ ಉಳಿಯುತ್ತದಾ? ಬೇರೆ ದಾರಿ ಏನಾದರೂ ಇದೆಯಾ? ಗೊತ್ತಿರುವವರು ದಯವಿಟ್ಟು ಬರೆಯಿರಿ.

ಟೂಲ್‌ರೂಮ್:

ಮೊದಲು ಒಂದು ಮಾತು ಸರ್. ಆ ಬೋಲ್ಟಿನ ಹತ್ತಿರ ವೆಲ್ಡಿಂಗ್ ಬರಕೂಡದು. ಯಾರು ಎಷ್ಟೇ ಧೈರ್ಯ ಹೇಳಿದರೂ ಬೇಡ. ತೋಟಾ ಸಿಡಿದಾಗ ಹಿಂದಕ್ಕೆ ನುಗ್ಗುವ ಒತ್ತಡವನ್ನೆಲ್ಲ ತಡೆಯುವುದು ಆ ಬೋಲ್ಟು ಮತ್ತು ಅದರ ಹಿಂಭಾಗದಲ್ಲಿರುವ ಎರಡು ಕಚ್ಚುಗಳು. ಅದರ ಹಿಂದೆ ಇರುವುದು ನಿಮ್ಮ ಮುಖ. ಹದ ಮಾಡಿದ ಉಕ್ಕಿಗೆ ವೆಲ್ಡಿಂಗ್ ಕಾವು ತಗುಲಿದರೆ ಹದ ಹೋಗುತ್ತದೆ, ಮತ್ತೆ ಹದ ಹಿಡಿಸುತ್ತೇನೆ ಅಂದರೆ 1878ರ ಉಕ್ಕು ಎಂಥದ್ದು ಅಂತ ಅವರಿಗೆ ಗೊತ್ತಿರಬೇಕಲ್ವಾ?

ಹೊಸಬರಿಗೂ ಅರ್ಥವಾಗಲಿ ಅಂತ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ರಿಮ್‌ಫೈರ್ ತೋಟಾದಲ್ಲಿ ಬೇರೆ ಕೇಪು (ಕಿಡಿ ಹತ್ತಿಸುವ ಪುಟ್ಟ ಬಟ್ಟಲು) ಇರುವುದಿಲ್ಲ. ತೋಟಾದ ಬುಡದಲ್ಲಿ ಹೊರಕ್ಕೆ ಚಾಚಿದ ಅಂಚು ಇರುತ್ತದಲ್ಲ, ಅದರ ಮಡಿಕೆಯೊಳಗೆ ಕಿಡಿ ಹತ್ತುವ ಮದ್ದನ್ನು ತುಂಬಿರುತ್ತಾರೆ. ಪಿನ್ ಬಂದು ಆ ಅಂಚನ್ನು ಜಜ್ಜಿದರೆ ದೀಪಾವಳಿಯಲ್ಲಿ ಮಕ್ಕಳು ಕಲ್ಲಿನಿಂದ ಕುಟ್ಟುವ ಪಟಾಕಿ ಕೇಪಿನ ಹಾಗೆ ಸಿಡಿಯುತ್ತದೆ. ಪಿನ್ನಿಗೆ ಜಜ್ಜಲು ಆಗಬೇಕು ಅಂದರೆ ತೋಟಾದ ಬುಡ ತೆಳುವಾಗಿರಬೇಕು. ತೆಳು ಬುಡ ಜಾಸ್ತಿ ಒತ್ತಡ ತಡೆಯುವುದಿಲ್ಲ. ಅದಕ್ಕೇ ಇವತ್ತು ರಿಮ್‌ಫೈರ್ ಅಂದರೆ ಹೆಚ್ಚಾಗಿ 22ರಂಥ ಚಿಕ್ಕ ತೋಟಾಗಳಷ್ಟೇ ಉಳಿದಿವೆ. ಇನ್ನೊಂದು, ಒಮ್ಮೆ ಹಾರಿಸಿದ ರಿಮ್‌ಫೈರ್ ಖೋಲನ್ನು ಮಾಮೂಲಾಗಿ ಮತ್ತೆ ತುಂಬುವ ಹಾಗಿಲ್ಲ.

ಸೆಂಟರ್‌ಫೈರಿನಲ್ಲಿ ಬುಡ ಗಟ್ಟಿ ಹಿತ್ತಾಳೆ, ನಡುವೆ ಪುಟ್ಟ ಕೇಪು. ಹಾರಿದ ಮೇಲೆ ಕೇಪು ತೆಗೆದು ಹೊಸದು ಕೂರಿಸಿ ಮತ್ತೆ ತುಂಬಬಹುದು. ಅಮೆರಿಕದ ಬರ್ಡನ್, ಇಂಗ್ಲೆಂಡಿನ ಬಾಕ್ಸರ್ ಇಬ್ಬರ ಕೇಪುಗಳೂ 1866ರ ಸುಮಾರಿಗೆ ಬಂದವು. ಆಮೇಲೆ ದೊಡ್ಡ ಸೈನ್ಯಗಳೆಲ್ಲ ಆ ಕಡೆ ತಿರುಗಿದವು. ಸ್ವಿಸ್ ಸೈನ್ಯ ಮಾತ್ರ ವೆಟರ್ಲಿ ಇರುವ ತನಕ ರಿಮ್‌ಫೈರಿನಲ್ಲೇ ಉಳಿಯಿತು, 1889ರಲ್ಲಿ ಸ್ಮಿಟ್-ರೂಬಿನ್ ರೈಫಲ್ ಬರುವವರೆಗೂ. ಇಟಲಿಯವರು 1870ರಲ್ಲಿ ವೆಟರ್ಲಿ ವಿನ್ಯಾಸವನ್ನೇ ತೆಗೆದುಕೊಂಡರು, ಆದರೆ ಸೆಂಟರ್‌ಫೈರ್ ತೋಟಾ ಇಟ್ಟುಕೊಂಡರು. ಅಂದರೆ ಆ ವಿನ್ಯಾಸಕ್ಕೆ ಸೆಂಟರ್‌ಫೈರ್ ಹೊರಗಿನದೇನಲ್ಲ. ಆದರೆ ನಿಮ್ಮ ಕೈಯಲ್ಲಿರುವ ಬೋಲ್ಟ್ ಅದಕ್ಕೆ ಅಂತ ಮಾಡಿದ್ದಲ್ಲ.

ನಿಮ್ಮ ಬೋಲ್ಟಿನ ಮುಂಭಾಗ ಬಿಚ್ಚಿ ನೋಡಿ. ಅಲ್ಲಿ ಪಿನ್ನು ಕವಲೊಡೆದಿರುತ್ತದೆ. ಎರಡು ಮೊನೆಗಳು ತೋಟಾದ ಅಂಚಿಗೆ ಎರಡು ಕಡೆ ಒಟ್ಟಿಗೇ ಹೊಡೆಯುತ್ತವೆ. ಅಂಚಿನ ಸುತ್ತ ಮದ್ದು ಸಮವಾಗಿ ಹರಡಿಲ್ಲದಿದ್ದರೂ ಒಂದಲ್ಲ ಒಂದು ಕಡೆ ಹತ್ತಿಕೊಳ್ಳಲಿ ಅಂತ. ಅದನ್ನು ತೆಗೆದು ನಡುವಿನ ಪಿನ್ ಮಾಡುವುದು ಈ ರೈಫಲಿನ ಸಾಮಾನ್ಯ ಬದಲಾವಣೆ, ಅಮೆರಿಕದಲ್ಲಿ ಎಷ್ಟೋ ಜನ ಮಾಡಿಸಿದ್ದಾರೆ.

ನನ್ನ ಸಲಹೆ: ಮಾಡಿಸುವುದೇ ಆದರೆ ಬೇರೆ ಬಿಡಿ ಬೋಲ್ಟ್ ಒಂದನ್ನು ಹುಡುಕಿ. ಕೆಲಸ ಏನಿದ್ದರೂ ಅದರ ಮೇಲೆ ಆಗಲಿ. ಮೂಲ ಬೋಲ್ಟಿಗೆ ಎಣ್ಣೆ ಸವರಿ ಬಟ್ಟೆಯಲ್ಲಿ ಸುತ್ತಿ ಇಟ್ಟುಬಿಡಿ. ಬಿಡಿ ಬೋಲ್ಟ್ ಇನ್ನೊಂದು ರೈಫಲಿನದ್ದಾದ್ದರಿಂದ ನಿಮ್ಮದರಲ್ಲಿ ಸರಿಯಾಗಿ ಕೂರುತ್ತದೋ ಇಲ್ಲವೋ, ತೋಟಾದ ಬುಡಕ್ಕೂ ಬೋಲ್ಟಿನ ಮುಖಕ್ಕೂ ಎಷ್ಟು ಸಂದು ಉಳಿಯುತ್ತದೆ ಅಂತ ಅಳೆದು ನೋಡಬೇಕು. ಇದು ಹಳೆ ರೈಫಲ್‌ಗಳಲ್ಲಿ ಪಳಗಿದ ಗನ್‌ಸ್ಮಿತ್ ಮಾಡುವ ಕೆಲಸ, ಮನೆಯಲ್ಲಿ ಡ್ರಿಲ್ ಹಿಡಿದು ಮಾಡುವುದಲ್ಲ. ಪಿನ್ನಿನ ಮೊನೆ ಜಾಸ್ತಿ ಹೊರಗೆ ಬಂದರೆ ಕೇಪು ತೂತಾಗಿ ಬಿಸಿ ಗಾಳಿ ಹಿಂದಕ್ಕೆ ನುಗ್ಗುತ್ತದೆ.

ಚೇಂಬರ್ ದೊಡ್ಡದು ಮಾಡುವ ಮಾತಿಗೆ ಒಪ್ಪಲೇಬೇಡಿ. ಅಂಗಡಿಯಲ್ಲಿ ಸಿಗುವ ತೋಟಾ ಇವತ್ತಿನ ಜೋರಾದ ಹೊಗೆಯಿಲ್ಲದ ಮದ್ದಿನದ್ದು, ಹಳೆ ಕರಿ ಮದ್ದಿನದ್ದಲ್ಲ, ಅದರ ಒತ್ತಡ ಈ ರೈಫಲಿಗೆ ಹೇಳಿದ್ದಲ್ಲ. ಒಮ್ಮೆ ಕೊರೆದ ಲೋಹ ವಾಪಸ್ ಬರುವುದೂ ಇಲ್ಲ.

ಹಳೆ ತೋಟಾ:

ಟೂಲ್‌ರೂಮ್ ಸರ್ ಹೇಳಿದ್ದು ಬಹುತೇಕ ಸರಿ. ಆದರೆ ನಾನು ಇನ್ನೂ ಒಂದು ಹೆಜ್ಜೆ ಹಿಂದೆ ನಿಲ್ಲುತ್ತೇನೆ. ಬದಲಾಯಿಸುವ ಅಗತ್ಯವೇ ಇಲ್ಲ.

ಈಗ ಹಳೆ ರಿಮ್‌ಫೈರ್ ರೈಫಲ್‌ಗಳಿಗೆ ಅಂತಲೇ ಕೆಲವು ಸಣ್ಣ ತಯಾರಕರು ಲೇತಿನಲ್ಲಿ ತಿರುವಿದ ಗಟ್ಟಿ ಹಿತ್ತಾಳೆ ಖೋಲುಗಳನ್ನು ಮಾಡುತ್ತಾರೆ. ಅದರ ಬುಡದಲ್ಲಿ ನಡುವೆ ಅಲ್ಲ, ಅಂಚಿನ ಕಡೆಗೆ ಒಂದು ತೂತು ಇರುತ್ತದೆ. ಅಲ್ಲಿ 22ರ ಬ್ಲ್ಯಾಂಕ್ ತೋಟಾ ಒಂದನ್ನು ಕೂರಿಸುತ್ತಾರೆ, ಗುಂಡಿಲ್ಲದ ಬರೀ ಸದ್ದಿನ ತೋಟಾ. ಅದೇ ಕೇಪಿನ ಕೆಲಸ ಮಾಡುತ್ತದೆ. ಖೋಲಿನೊಳಗೆ ಕರಿ ಮದ್ದು, ಮುಂದೆ ಸೀಸದ ಗುಂಡು. ಪಿನ್ನಿನ ಮೊನೆ ಬೀಳುವ ಕಡೆಗೆ ಬ್ಲ್ಯಾಂಕ್ ಬರುವ ಹಾಗೆ ತಿರುಗಿಸಿ ಚೇಂಬರಿಗೆ ಹಾಕಬೇಕು. ಹಾರಿದ ಮೇಲೆ ಖಾಲಿ ಬ್ಲ್ಯಾಂಕ್ ತೆಗೆದು ಹೊಸದು ಹಾಕಿದರೆ ಖೋಲು ಮತ್ತೆ ತಯಾರು. 41 ಸ್ವಿಸ್ ಅಲ್ಲದೆ 44 ಹೆನ್ರಿ, ಸ್ಪೆನ್ಸರ್ ರೈಫಲ್‌ಗಳಿಗೂ ಇಂಥವು ಬಂದಿವೆ. ನಿಮ್ಮ ರೈಫಲಿನ ಒಂದು ಸ್ಕ್ರೂ ಕೂಡ ತಿರುಗಿಸಬೇಕಾಗಿಲ್ಲ.

ಇದು ನಿಧಾನ, ಅದು ನಿಜ. ಮ್ಯಾಗಜಿನ್ ಕೊಳವೆಯಿಂದ ಬಂದರೆ ಬ್ಲ್ಯಾಂಕ್ ಯಾವ ಕಡೆ ತಿರುಗಿರುತ್ತದೋ ಹೇಳಲು ಆಗುವುದಿಲ್ಲ, ಹಾಗಾಗಿ ಒಂದೊಂದೇ ಕೈಯಿಂದ ಹಾಕಬೇಕು. ವರ್ಷಕ್ಕೆ ಒಂದೆರಡು ಸಲ ಹಾರಿಸುವವರಿಗೆ ಅಷ್ಟು ಸಾಕಲ್ವಾ?

ನಾನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ರಿಮ್‌ಫೈರ್ ರೈಫಲಿನಲ್ಲಿ ಆ ಪಿನ್ನೇ ಅದರ ಗುರುತು. ಮೊಂಟಾನಾದ ಲಿಟಲ್ ಬಿಗ್‌ಹಾರ್ನ್ ಬಗ್ಗೆ ಕೇಳಿರುತ್ತೀರಿ. 1876ರ ಜೂನಿನಲ್ಲಿ ಅಮೆರಿಕದ ಮೂಲನಿವಾಸಿಗಳಾದ ಲಕೋಟಾ ಮತ್ತು ಶೈಯೆನ್ ಯೋಧರು ಅಮೆರಿಕ ಸೈನ್ಯದ ಅಧಿಕಾರಿ ಕಸ್ಟರ್‌ನ ದಂಡನ್ನು ಸೋಲಿಸಿದ ಜಾಗ. 1983ರಲ್ಲಿ ಅಲ್ಲಿಯ ಹುಲ್ಲಿಗೆಲ್ಲ ಬೆಂಕಿ ಬಿದ್ದು ನೆಲ ಬಯಲಾಯಿತು. ಮುಂದಿನ ಎರಡು ವರ್ಷ ಪುರಾತತ್ವ ತಜ್ಞರಾದ ಡಗ್ಲಸ್ ಸ್ಕಾಟ್, ರಿಚರ್ಡ್ ಫಾಕ್ಸ್ ಮತ್ತವರ ತಂಡ ಲೋಹಶೋಧಕ ಹಿಡಿದು ಗುಡ್ಡವನ್ನೆಲ್ಲ ಜಾಲಾಡಿದರು. ಸಿಕ್ಕ ಖಾಲಿ ಖೋಲುಗಳ ಮೇಲಿನ ಪಿನ್ನಿನ ಗುರುತುಗಳನ್ನು ಪೊಲೀಸ್ ಪ್ರಯೋಗಾಲಯದಲ್ಲಿ ಮಾಡುವ ಹಾಗೆ ಸೂಕ್ಷ್ಮದರ್ಶಕದಲ್ಲಿ ಹೋಲಿಸಿದರು. ಒಂದೇ ಬಂದೂಕಿನಿಂದ ಬಿದ್ದ ಖೋಲುಗಳು ಇಲ್ಲೊಂದು ಕಡೆ, ಅಲ್ಲೊಂದು ಕಡೆ ಸಿಕ್ಕಿದವು. ಅಂದರೆ ಒಬ್ಬ ಯೋಧ ಕೈಯಲ್ಲಿ ಬಂದೂಕು ಹಿಡಿದು ಎಲ್ಲಿಂದ ಎಲ್ಲಿಗೆ ಹೋದ ಅಂತ ನೂರಕ್ಕೂ ಜಾಸ್ತಿ ವರ್ಷ ಆದ ಮೇಲೆ ಗೊತ್ತಾಯಿತು. ಆ ರಾಶಿಯಲ್ಲಿ 44 ಹೆನ್ರಿ ರಿಮ್‌ಫೈರ್ ಖೋಲುಗಳೂ ಇದ್ದವು. ಹೆನ್ರಿ ಮತ್ತು 1866ರ ವಿಂಚೆಸ್ಟರ್ ರೈಫಲ್‌ಗಳ ಪಿನ್ನಿಗೂ ನಿಮ್ಮ ವೆಟರ್ಲಿಯ ಹಾಗೆ ಎರಡು ಮೊನೆ, ಖೋಲಿನ ಅಂಚಿನಲ್ಲಿ ಎದುರುಬದುರು ಎರಡು ಗುರುತು ಬೀಳುತ್ತವೆ. ಸೋತವರ ಕಡೆಯ ವರದಿಗಳಲ್ಲಿ ಇಲ್ಲದ ಎಷ್ಟೋ ಸಂಗತಿ ಆ ಎರಡು ಪುಟ್ಟ ಗುರುತುಗಳಿಂದ ಹೊರಬಂತು. ಅಂಥ ಪಿನ್ನನ್ನು ಅರೆದು ಹಾಕುವುದು, ಅದರ ತೂತು ಮುಚ್ಚುವುದು ಅಂದರೆ ನನಗೆ ಸಂಕಟವಾಗುತ್ತದೆ.

ನಿಮ್ಮ ರೈಫಲ್ ಯಾವ ಯುದ್ಧಕ್ಕೂ ಹೋಗಿರಲಿಕ್ಕಿಲ್ಲ. ಆದರೂ ಅದರ ಗುರುತು ಅದರದ್ದೇ.

ಟೂಲ್‌ರೂಮ್:

ಹಳೆ ತೋಟಾ ಅವರೇ, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ಬದಲಾವಣೆ ಅಂದರೆ ಇತಿಹಾಸ ಕೆಡಿಸುವುದು ಅಂತ ಒಂದೇ ಮಾತಿನಲ್ಲಿ ತಳ್ಳಿಹಾಕಬೇಡಿ. ಬದಲಾಯಿಸಿದ್ದೂ ಇತಿಹಾಸವೇ.

ಅಮೆರಿಕದ ಅಂತರ್ಯುದ್ಧ ಮುಗಿದಾಗ ಸರ್ಕಾರದ ಹತ್ತಿರ ನಳಿಗೆಯ ಬಾಯಿಂದ ತುಂಬುವ ಕೋವಿಗಳು ರಾಶಿ ಇದ್ದವು. ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯ ಮುಖ್ಯ ಕುಶಲಕರ್ಮಿ ಅರ್ಸ್ಕಿನ್ ಆಲಿನ್ ಅವುಗಳ ಹಿಂಭಾಗ ಕತ್ತರಿಸಿ ಮೇಲಕ್ಕೆ ತೆರೆಯುವ ಬಾಗಿಲು ಕೂರಿಸಿದ. 1865ರ ಮೊದಲ ಮಾದರಿ 58 ಕ್ಯಾಲಿಬರಿನ (ನಳಿಗೆಯ ಅಳತೆ 0.58 ಇಂಚು) ರಿಮ್‌ಫೈರ್. ಅದು ತೃಪ್ತಿ ಕೊಡಲಿಲ್ಲ. ಮರುವರ್ಷವೇ ನಳಿಗೆಯೊಳಗೆ ಇನ್ನೊಂದು ಕೊಳವೆ ಕೂರಿಸಿ 50ಕ್ಕೆ ಇಳಿಸಿ 50-70 ಸೆಂಟರ್‌ಫೈರ್ ಮಾಡಿದರು. 1867ರ ಆಗಸ್ಟಿನಲ್ಲಿ ವ್ಯೋಮಿಂಗಿನ ವ್ಯಾಗನ್ ಬಾಕ್ಸ್ ಕಾಳಗದಲ್ಲಿ ಸೈನಿಕರ ಕೈಯಲ್ಲಿದ್ದದ್ದು ಅದೇ. ಅಂದರೆ ರಿಮ್‌ಫೈರಿನಿಂದ ಸೆಂಟರ್‌ಫೈರಿಗೆ ಹೋಗುವುದು ಇವತ್ತಿನವರ ಚಪಲ ಅಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಬಲಾರ್ಡ್ ರೈಫಲ್. ಮಾರ್ಲಿನ್ ಅವರು 1875ರಿಂದ ಅದನ್ನು ತಯಾರಿಸಿದಾಗ ಕೆಲವು ಮಾದರಿಗಳಲ್ಲಿ ತಿರುಗಿಸಿ ಹಾಕಬಹುದಾದ ಪಿನ್ ಕೊಟ್ಟರು. ಒಂದು ರೀತಿ ಹಾಕಿದರೆ ಅಂಚಿಗೆ ಹೊಡೆಯುತ್ತದೆ, ತಿರುಗಿಸಿ ಹಾಕಿದರೆ ನಡುವಿಗೆ ಹೊಡೆಯುತ್ತದೆ. ಪೇಟೆಯಿಂದ ದೂರ ಇದ್ದವನಿಗೆ ಯಾವ ತೋಟಾ ಸಿಕ್ಕರೂ ನಡೆಯಲಿ ಅಂತ. ಏನನ್ನೂ ಕೊರೆಯದೆ, ಏನನ್ನೂ ಮುಚ್ಚದೆ ಎರಡೂ ಆಗುತ್ತದೆ. ಒಳ್ಳೆ ಬದಲಾವಣೆ ಅಂದರೆ ನನಗೆ ಅದು. ಸ್ಪೆನ್ಸರ್ ಇಟ್ಟುಕೊಂಡವರೂ ಇವತ್ತು ಹಾಗೇ ಮಾಡುತ್ತಾರೆ, ಮೂಲ ಬ್ರೀಚ್ ಬ್ಲಾಕ್ (ನಳಿಗೆಯ ಹಿಂಬದಿ ಮುಚ್ಚುವ ತುಂಡು) ತೆಗೆದಿಟ್ಟು ಸೆಂಟರ್‌ಫೈರ್ ಬ್ಲಾಕ್ ಹಾಕಿ ಹಾರಿಸಿ, ಆಮೇಲೆ ಮೂಲದ್ದನ್ನು ಮತ್ತೆ ಕೂರಿಸುತ್ತಾರೆ. ಬಿಡಿ ಬೋಲ್ಟ್ ಅಂತ ನಾನು ಹೇಳಿದ್ದು ಅದೇ ಕಾರಣಕ್ಕೆ.

ಬ್ಲ್ಯಾಂಕ್ ಖೋಲಿನ ದಾರಿ ಮೊದಲು ನೋಡಲಿ ಅನ್ನುವುದಕ್ಕೆ ನನ್ನ ಅಡ್ಡಿಯಿಲ್ಲ.

ಕಾಫಿ ತೋಟ:

ನಾನು ಕೊಡಗಿನವನು. ಇದನ್ನು ಓದಿ ಊರಿನಲ್ಲಿ ಯಾರಾದರೂ ಅಜ್ಜನ ಕಾಲದ ಕೋವಿ ತೆಗೆದುಕೊಂಡು ಲೇತ್ ಅಂಗಡಿಗೆ ಹೋಗಬಾರದು ಅಂತ ಬರೆಯುತ್ತಿದ್ದೇನೆ.

ಭಾರತದಲ್ಲಿ ಇದು ಪೂರ್ತಿ ಬೇರೆ ಮಾತು. 1959ರ ಆಯುಧ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಬಂದೂಕು ತಯಾರಿಸುವುದಕ್ಕೆ ಹೇಗೋ ಹಾಗೇ ಬದಲಾಯಿಸುವುದಕ್ಕೆ, ರಿಪೇರಿ ಮಾಡುವುದಕ್ಕೆ, ಪರೀಕ್ಷಿಸುವುದಕ್ಕೂ ಲೈಸೆನ್ಸ್ ಬೇಕು. ಲೈಸೆನ್ಸ್ ಇಲ್ಲದ ಅಂಗಡಿಯವನು ಮಾಡಿದರೂ ಅಪರಾಧ, ಮಾಡಿಸಿದವರಿಗೂ ಕಷ್ಟ.

ಗೋಡೆಗೆ ನೇತು ಹಾಕಿದ ಹಳೆ ಕೋವಿಗೆ ವಿನಾಯಿತಿ ಇದೆಯಲ್ಲ ಅಂತ ಕೆಲವರು ಕೇಳುತ್ತಾರೆ. 45ನೇ ಸೆಕ್ಷನ್ನಿನಲ್ಲಿ ಇದೆ, ಆದರೆ ಪೂರ್ತಿ ಓದಬೇಕು. ಪುರಾತನ ಮೌಲ್ಯದ್ದೋ ಬಳಕೆ ತಪ್ಪಿದ ಮಾದರಿಯದ್ದೋ ಆಗಿದ್ದು, ರಿಪೇರಿ ಮಾಡಿದರೂ ಮಾಡದಿದ್ದರೂ ಹಾರಿಸಲು ಬಾರದಂಥದ್ದಕ್ಕೆ ಮಾತ್ರ ಆ ವಿನಾಯಿತಿ. ಹಾರುವ ಹಾಗೆ ಮಾಡಿದ ಕೂಡಲೇ ಅದು ಆ ಸಾಲಿನಿಂದ ಹೊರಗೆ. ಅಂದರೆ ಇಲ್ಲಿ ಯಾರು ಏನು ಬದಲಾಯಿಸಿದರೂ ಮನೆಯಲ್ಲಿ ಇಟ್ಟುಕೊಳ್ಳುವ ಹಕ್ಕನ್ನೇ ಕಳೆದುಕೊಳ್ಳಬಹುದು.

ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಇರುವ ವಿನಾಯಿತಿ ಬೇರೆ. ಬ್ರಿಟಿಷರ ಕಾಲದಿಂದ ಬಂದದ್ದು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಆ ವಿನಾಯಿತಿ ಇರುವುದು ಕೋವಿ ಇಟ್ಟುಕೊಳ್ಳುವ ಲೈಸೆನ್ಸಿಗೆ. ಬದಲಾಯಿಸುವುದಕ್ಕೆ, ತಯಾರಿಸುವುದಕ್ಕೆ ಅಲ್ಲ. ಇದನ್ನು ನಮ್ಮ ಹುಡುಗರೇ ಬೆರೆಸಿಕೊಳ್ಳುತ್ತಾರೆ.

ನಮ್ಮಲ್ಲಿ ಆಯುಧ ಪೂಜಿಸುವ ಕೈಲ್ ಪೊಳ್ದು ಹಬ್ಬದ ದಿನ ಕೋವಿಯನ್ನು ತೊಳೆದು ಒರೆಸಿ ಹೂವಿಟ್ಟು ಪೂಜೆ ಮಾಡುತ್ತೇವೆ, ಸುಗ್ಗಿ ಹಬ್ಬವಾದ ಪುತ್ತರಿಯಲ್ಲಿ ಕದಿರು ತೆಗೆಯುವ ಹೊತ್ತಿಗೆ ಒಂದು ಈಡು ಹಾರಿಸುತ್ತೇವೆ. ಎಷ್ಟೋ ಮನೆಗಳಲ್ಲಿ ಹಾರದ ಹಳೆ ಕೇಪಿನ ಕೋವಿಯೂ ಪೂಜೆಗೆ ಬರುತ್ತದೆ, ಹಾರಿಸುವುದಕ್ಕೆ ಬೇರೆ ತೋಟಾ ಕೋವಿ ಇರುತ್ತದೆ. ಹಳೆಯದಕ್ಕೆ ಗೌರವ ಕೊಡಲು ಅದು ಹಾರಲೇಬೇಕು ಅಂತ ನಮ್ಮ ಹಿರಿಯರು ಯಾವತ್ತೂ ಅಂದುಕೊಂಡಿಲ್ಲ. ಹಾಗಾಗಿ ನನ್ನ ಓಟು ಹಳೆ ತೋಟಾ ಅವರ ಕಡೆಗೆ.

ಪೆನ್ಸಿಲ್ವೇನಿಯಾ ಕನ್ನಡಿಗ:

ಇಷ್ಟು ವಿವರವಾಗಿ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ವೆಲ್ಡಿಂಗ್ ಬೇಡ ಅಂತ ಆ ಗನ್‌ಸ್ಮಿತ್‌ಗೆ ಇವತ್ತೇ ಹೇಳಿಬಿಟ್ಟೆ. ಬೋಲ್ಟ್ ಬಿಚ್ಚಿ ಪಿನ್ ನೋಡಿದೆ, ಎರಡೂ ಮೊನೆ ಚೆನ್ನಾಗಿವೆ. ಬ್ಲ್ಯಾಂಕ್ ಕೂರಿಸುವ ಖೋಲುಗಳನ್ನೇ ಮೊದಲು ತರಿಸುತ್ತೇನೆ. ಅದು ಸರಿಹೋಗದಿದ್ದರೆ ಮಾತ್ರ ಬಿಡಿ ಬೋಲ್ಟಿನ ಯೋಚನೆ.

ಉಳಿದಿದ್ದು ಎರಡು ಸಂಶಯ. ಅಮೆರಿಕದ ಕಾನೂನಿನ ವಿಷಯ ಯಾರೂ ಹೇಳಲಿಲ್ಲ. ಇನ್ನೊಂದು, ಹೊಗೆಯಿಲ್ಲದ ಮದ್ದನ್ನು ಸ್ವಲ್ಪವೇ ಹಾಕಿದರೆ ಏನಾಗುತ್ತದೆ? ಕರಿ ಮದ್ದು ತುಂಬಾ ಗಲೀಜು ಅಂತ ರೇಂಜಿನಲ್ಲಿ ಹೆದರಿಸುತ್ತಾರೆ.

ಹಳೆ ತೋಟಾ:

ಕಾನೂನು: 1968ರ ಫೆಡರಲ್ ಗನ್ ಕಂಟ್ರೋಲ್ ಕಾಯ್ದೆಯಲ್ಲಿ 1898ರಲ್ಲಿ ಅಥವಾ ಅದಕ್ಕೂ ಮುಂಚೆ ತಯಾರಾದ ಬಂದೂಕು ಆಂಟಿಕ್. ಅಲ್ಲಿ ನೋಡುವುದು ತಯಾರಾದ ವರ್ಷವನ್ನು. ರಿಮ್‌ಫೈರ್ ಸೆಂಟರ್‌ಫೈರ್ ಅನ್ನುವ ಪ್ರಶ್ನೆ ಬರುವುದು ಹಳೆಯದರ ನಕಲಾಗಿ ಈಚೆಗೆ ಮಾಡಿದವುಗಳ ವಿಷಯದಲ್ಲಿ. ಸ್ವಿಸ್ ವೆಟರ್ಲಿಗಳೆಲ್ಲ ಆ ಗೆರೆಗಿಂತ ಹಿಂದಿನವು, ಹಾಗಾಗಿ ಸೆಂಟರ್‌ಫೈರ್ ಬೋಲ್ಟ್ ಹಾಕಿದರೂ ಆ ಕಾಯ್ದೆಯಲ್ಲಿ ಆಂಟಿಕ್ಕೇ. ಆದರೆ ರಾಜ್ಯಗಳ ಕಾನೂನು ಬೇರೆ ಬೇರೆ. ನಿಮ್ಮ ರಾಜ್ಯದ್ದನ್ನು ಅಲ್ಲಿಯ ವಕೀಲರಲ್ಲಿ ಕೇಳಿಕೊಳ್ಳಿ, ಮುಂದೆ ಬೇರೆ ರಾಜ್ಯಕ್ಕೆ ಮನೆ ಬದಲಾಯಿಸಿದಾಗಲೂ ಮರೆಯಬೇಡಿ.

ಬೆಲೆಯ ಬಗ್ಗೆ: ಮೂಲ ಬೋಲ್ಟ್, ಮೂಲ ಪಿನ್ ಜೊತೆಗಿದ್ದರೆ ಮುಂದೆ ಕೊಳ್ಳುವವರು ಚಿಂತೆ ಮಾಡುವುದಿಲ್ಲ. ಬೋಲ್ಟ್ ಕೊರೆದಿದ್ದರೆ, ಚೇಂಬರ್ ಅಗಲ ಮಾಡಿದ್ದರೆ ಸಂಗ್ರಾಹಕರು ಕೈಗೆತ್ತಿಕೊಂಡು ನೋಡಿ ವಾಪಸ್ ಇಡುತ್ತಾರೆ.

ಟೂಲ್‌ರೂಮ್:

ಮದ್ದಿನ ವಿಷಯ ನನಗೆ ಬಿಡಿ. ಸ್ವಲ್ಪವೇ ಹಾಕಿದರೆ ಅನ್ನುವ ಮಾತೇ ಅಪಾಯ. ಕರಿ ಮದ್ದಿನಲ್ಲಿ ಖೋಲಿನೊಳಗೆ ಗುಂಡಿನ ಬುಡದವರೆಗೂ ಖಾಲಿ ಜಾಗ ಬಿಡದೆ ತುಂಬುತ್ತಾರೆ, ಈ ರೈಫಲಿನ ತೋಟಾವನ್ನು ಮಾಡಿದ್ದೇ ಹಾಗೆ. ಹೊಗೆಯಿಲ್ಲದ ಮದ್ದಿಗೆ ಅಷ್ಟೇ ಜಾಗದಲ್ಲಿ ಎಷ್ಟೋ ಪಾಲು ಜಾಸ್ತಿ ಶಕ್ತಿ. ಅಳತೆ ಕೊಂಚ ತಪ್ಪಿದರೂ, ಕಣ್ತಪ್ಪಿ ಎರಡು ಸಲ ಬಿದ್ದರೂ ಖೋಲಿನಲ್ಲಿ ಜಾಗ ಇರುವುದರಿಂದ ಗೊತ್ತೇ ಆಗುವುದಿಲ್ಲ. ಅದನ್ನು ತಡೆಯುವ ಉಕ್ಕು ಆಗ ಇರಲಿಲ್ಲ. ಬ್ಲ್ಯಾಂಕ್ ಖೋಲಾದರೂ, ಸೆಂಟರ್‌ಫೈರ್ ಬೋಲ್ಟಾದರೂ ಕರಿ ಮದ್ದೇ ಹಾಕಿ.

ಮುಂದೆ ಬಿಡಿ ಬೋಲ್ಟಿನ ದಾರಿಗೆ ಹೋದರೆ 348 ವಿಂಚೆಸ್ಟರ್ ಅಥವಾ 8 ಮಿಲಿಮೀಟರ್ ಲೆಬೆಲ್ ಖೋಲುಗಳಿಂದ 41 ಸ್ವಿಸ್ ಖೋಲು ಮಾಡಿಕೊಳ್ಳುವ ರೂಢಿ ಇದೆ. ಮಾಡಿದ್ದನ್ನೇ ಕೊಳ್ಳುವುದು ಒಳ್ಳೆಯದು. ಗುಂಡು ಮೆತ್ತನೆ ಸೀಸದ್ದೇ ಇರಲಿ, ತಾಮ್ರದ ಕವಚದ್ದು ಈ ನಳಿಗೆಗೆ ಬೇಡ. ಹಾರಿಸುವ ಮೊದಲು ನಿಮ್ಮ ನಳಿಗೆಯ ಒಳ ಅಳತೆ ತೆಗೆಸಿ, ಒಂದೇ ಮಾದರಿಯ ರೈಫಲ್‌ಗಳಲ್ಲೂ ಅದು ಒಂದೇ ಸಮ ಇರುವುದಿಲ್ಲ. ಮೊದಲ ಒಂದೆರಡು ಈಡನ್ನು ಭುಜಕ್ಕೆ ಇಟ್ಟು ಹಾರಿಸಬೇಡಿ. ರೈಫಲನ್ನು ಸ್ಟ್ಯಾಂಡಿಗೆ ಬಿಗಿದು ದೂರದಿಂದ ದಾರ ಎಳೆದು ಹಾರಿಸುವ ವ್ಯವಸ್ಥೆ ಗನ್‌ಸ್ಮಿತ್ ಹತ್ತಿರ ಇರುತ್ತದೆ. ಖೋಲಿನ ಬುಡ ಉಬ್ಬಿದೆಯಾ, ಸೀಳಿದೆಯಾ ಅಂತ ಅವರೇ ನೋಡಿ ಹೇಳಲಿ.

ಗಲೀಜು ಅನ್ನುವುದು ನಿಜ, ಆದರೆ ಹೆದರುವಂಥದ್ದಲ್ಲ. ಕರಿ ಮದ್ದಿನ ಮಸಿ ಗಾಳಿಯ ತೇವ ಹೀರಿಕೊಂಡು ಉಕ್ಕನ್ನು ತಿನ್ನುತ್ತದೆ, ಅದಕ್ಕೇ ಹಾರಿಸಿದ ದಿನವೇ ತೊಳೆಯಬೇಕು, ನಾಳೆ ನೋಡೋಣ ಅನ್ನಬಾರದು. ಬೋಲ್ಟ್ ತೆಗೆದು ನಳಿಗೆಗೆ ಹಿಂದಿನಿಂದ ಬಿಸಿ ನೀರು ಹಾಕಿ, ಬಟ್ಟೆ ಬಿಳಿಯಾಗಿ ಹೊರಗೆ ಬರುವವರೆಗೂ ಒರೆಸಿ, ಚೆನ್ನಾಗಿ ಒಣಗಿಸಿ ಎಣ್ಣೆ ಹಚ್ಚಿ. ಹಿತ್ತಾಳೆ ಖೋಲುಗಳನ್ನೂ ಸೋಪು ನೀರಿನಲ್ಲಿ ತೊಳೆಯಿರಿ. ಮಾರನೇ ದಿನ ಒಂದು ಒಣ ಬಟ್ಟೆ ಹಾಕಿ ಎಳೆದು ನೋಡಿ, ಕೆಂಪಗೆ ಏನಾದರೂ ಬಂದರೆ ಮತ್ತೊಮ್ಮೆ ಎಣ್ಣೆ.

ಖೋಲುಗಳು ಬಂದ ಮೇಲೆ ಬುಡದ ಫೋಟೋ ಇಲ್ಲಿ ಹಾಕಿ, ಬ್ಲ್ಯಾಂಕ್ ಎಲ್ಲಿ ಕೂರುತ್ತದೆ, ಮೊನೆ ಎಲ್ಲಿ ಬೀಳುತ್ತದೆ ಅಂತ ಹಾರಿಸುವ ಮುಂಚೆ ಒಟ್ಟಿಗೆ ನೋಡೋಣ.